ಬೀರಪ್ಪನ ಪಂಪಿಗೆ ಬಳಿದ ಕೆಂಪು

"ಈ ಕೈಯಲ್ಲೇ ಬಳೀಬೇಕಾ ಇದ್ನ?"

ಮಲ್ಲಪ್ಪ ಕೇಳಿದ್ದು ಯಾರನ್ನೂ ಅಲ್ಲ. ಬೀರಪ್ಪನ ಗುಡಿಯ ಮುಂದೆ ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ. ಕುರಿಗಳು ಗುಡ್ಡ ಹತ್ತಿದ್ದವು, ಹೆಂಗಸರು ಕಳೆ ಕೀಳಲು ಹೋಗಿದ್ದರು. ಗುಡಿಯ ಪಕ್ಕದ ಕೈಪಂಪು ಬಿಸಿಲಿನಲ್ಲಿ ಸುಮ್ಮನೆ ನಿಂತಿತ್ತು. ಅವನ ಒಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬ, ಇನ್ನೊಂದರಲ್ಲಿ ಕೂದಲುದುರಿದ ಬ್ರಷ್ಷು.

ಬಣ್ಣ ಕೊಟ್ಟು ಹೋದವರು ವಾಟರ್ ಬೋರ್ಡಿನ ಇಂಜಿನಿಯರು ಪಳನಿಯಪ್ಪನ್. ಬೆಳಿಗ್ಗೆ ಪಾಪಿರೆಡ್ಡಿಪಟ್ಟಿ ಕಡೆಯಿಂದ ಜೀಪಿನಲ್ಲಿ ಬಂದಿದ್ದರು. ಧರ್ಮಪುರಿಯ ಲ್ಯಾಬಿಗೆ ಹೋಗಿದ್ದ ಬಾಟಲಿಯ ಫಲಿತಾಂಶ ಬಂದಿತ್ತು. "ಇಂದ ತಣ್ಣಿ ಯಾರುಮೇ ಕುಡಿಕ್ಕಕ್ಕೂಡಾದು, ಮಲ್ಲಪ್ಪ" ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ಈ ನೀರು ಯಾರೂ ಕುಡಿಯಕೂಡದು. ಬಂಡೆಯೊಳಗಿನ ಫ್ಲೋರೈಡು ನೀರಿಗೆ ಇಳಿದಿದೆ. ಕುದಿಸಿದರೆ ಹೋಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ಹಲ್ಲಿಗೆ ಬರುತ್ತದೆ, ಆಮೇಲೆ ಮೂಳೆಗೆ. ಕೆರೆಯ ಪಕ್ಕದ ಬೋರಿನ ನೀರಿಗೆ ಆ ದೋಷವಿಲ್ಲ. ಅದನ್ನೇ ಟ್ಯಾಂಕಿಗೆ ಏರಿಸಿ, ಬ್ಲೀಚಿಂಗ್ ಪೌಡರ್ ಬೆರೆಸಿ, ಹೊತ್ತುಹೊತ್ತಿಗೆ ನಲ್ಲಿ ಬಿಡುವುದು ಮಲ್ಲಪ್ಪನ ಕೆಲಸ. ಆ ನೀರು ಊರಿಗೆ ಸಾಕಾಗುತ್ತದೆ.

ಇಂಜಿನಿಯರು ಇದನ್ನು ಹೇಳುತ್ತಿದ್ದಾಗಲೇ ಗುಡಿಯಿಂದ ಚಿನ್ನಸ್ವಾಮಿ ಅಯ್ಯ ಹೊರಗೆ ಬಂದಿದ್ದರು. ಬೀರಪ್ಪನ ಪೂಜಾರಿ ಅವರೇ, ಸೋಮವಾರ ಸಂಜೆ ದೇವರ ಪದ ಹೇಳುವವರೂ ಅವರೇ. ಕೆಲವು ವರ್ಷಗಳಿಂದ ಅವರ ಬೆನ್ನು ಬಾಗುತ್ತಿರಲಿಲ್ಲ, ಕತ್ತು ಹೊರಳುತ್ತಿರಲಿಲ್ಲ. ಜೀಪಿನ ಕಡೆ ತಿರುಗಬೇಕಾದರೆ ನೆಟ್ಟ ಕಂಬವನ್ನು ಯಾರೋ ತಿರುಗಿಸಿದಂತೆ ಇಡೀ ಮೈಯೇ ತಿರುಗಿತು. ಪಳನಿಯಪ್ಪನ್ ಅವರನ್ನು ತುಂಬ ಹೊತ್ತು ನೋಡಿದರು.

"ಅವರು ಯಾವ ನೀರು ಕುಡಿಯುತ್ತಾರೆ?"

"ಇದೇ ಸಾರ್. ಬೇರೆ ಮುಟ್ಟಲ್ಲ. ಹರಕೆ."

ಇಂಜಿನಿಯರು ಪಂಪಿಗೆ ಬಳಿಯಲು ಹೇಳಿ ಡಬ್ಬವನ್ನು ಮಲ್ಲಪ್ಪನ ಕೈಗಿಟ್ಟು ಜೀಪು ಹತ್ತಿದ್ದರು.

ಎಂಬತ್ತೆರಡರ ಬರದಲ್ಲಿ ಊರ ಬಾವಿಗಳೆಲ್ಲ ಬತ್ತಿದಾಗ ಸರ್ಕಾರದವರು ಕೊರೆದ ಪಂಪು ಅದು. ಎಲ್ಲೆಲ್ಲೋ ಕೊರೆದು ಧೂಳೆದ್ದು, ಕಡೆಗೆ ಬೀರಪ್ಪನ ಪಕ್ಕದಲ್ಲಿ ನೀರೆದ್ದಿತ್ತು. ಅಂದೇ ಅಯ್ಯ ಈ ನೀರು ಬಿಟ್ಟು ಬೇರೆ ನೀರು ಕುಡಿಯುವುದಿಲ್ಲವೆಂದು ದೇವರ ಮುಂದೆ ನಿಂತು ಹೇಳಿದ್ದರು. ಈಗ ತೊಂಬತ್ತೇಳನೇ ಇಸವಿ. ಅವರ ಸೆಟೆದ ಬೆನ್ನನ್ನು ನೋಡಿ ಊರವರು, ಬೀರಪ್ಪ ಹಿಂದೆ ನಿಂತು ಹಿಡಿದುಕೊಂಡಿದ್ದಾನೆ ಎನ್ನುತ್ತಿದ್ದರು. ಮಲ್ಲಪ್ಪನೂ ಹಾಗೇ ನಂಬಿದ್ದ. ಅವನು ಶಾಲೆಯಲ್ಲಿ ಕಲಿತದ್ದು ತಮಿಳು; ಅವನಿಗಿದ್ದ ಕನ್ನಡವೆಲ್ಲ ಅವ್ವನಿಂದ ಬಂದದ್ದು, ಅಯ್ಯನ ಬಾಯಿಂದ ಬಂದದ್ದು.

ಅವನು ಬ್ರಷ್ಷು ಅದ್ದಿದ. ದೇವರ ಕಡೆ ನೋಡದೆ ಬಳಿದ.

*

ಮಾರನೆಯ ದಿನ ಬೆಳಿಗ್ಗೆ ಬಂದು ನೋಡಿದರೆ ಪಂಪಿನ ಕತ್ತಿಗೆ ಚೆಂಡುಹೂವಿನ ಹಾರ. ಹಿಡಿಗೆ ಅರಿಶಿನ. ಬುಡದಲ್ಲಿ ಒಡೆದ ತೆಂಗಿನಕಾಯಿ. ಯಾವತ್ತೂ ಇಲ್ಲದಷ್ಟು ಕೊಡಗಳು ಸಾಲಿನಲ್ಲಿದ್ದವು. ಪಕ್ಕದ ಹಟ್ಟಿಯವರೂ ಬಂದಿದ್ದರು.

"ಏನ್ಲಾ ಮಲ್ಲಪ್ಪ," ಎಂದಳು ಸಾಲಿನ ಮುಂದಿದ್ದ ಗುಂಡಮ್ಮ, ಊರಿಗೇ ಬಾಯಿ ಜೋರಾದ ಮುದುಕಿ. "ಯಾವತ್ತೂ ದೇವ್ರಿಗೆ ಒಂದ್ ಹೂವ ತಂದೋನಲ್ಲ ನೀನು, ಈಗ ನೋಡಿದ್ರೆ ಪಂಪ್‌ಗೇ ಕುಂಕುಮದ ಸ್ನಾನ ಮಾಡ್ಸಿದ್ದೀಯ!"

"ಅದು ಕುಂಕುಮ ಅಲ್ಲಕ್ಕ, ಪೇಯಿಂಟು! ಕುಡೀಬ್ಯಾಡಿ ಅಂತ ಬಳ್ದಿರೋದು. ಗೌರ್ಮೆಂಟ್ ಗುರ್ತು."

"ಕುಡೀಬ್ಯಾಡಿ ಅನ್ನಕ್ಕೆ ಕರೀದು ಬಳೀಬೇಕಿತ್ತು. ಕೆಂಪ ಯಾರಾರ ಕೆಟ್ಟದ್ದಕ್ಕೆ ಬಳೀತಾರಾ? ಆ ಕಲ್ಲ ನೋಡು, ಈ ಕಲ್ಲ ನೋಡು." ಗುಡಿಯ ಸುತ್ತ ನಿಂತಿದ್ದ ದೇವರ ಕಲ್ಲುಗಳೆಲ್ಲ ಕೆಂಪಾಗಿಯೇ ಇದ್ದವು. "ನಿಮ್ ಇಂಜಿನಿಯರ್‌ಗೆ ಯೋಳು, ಅವ್ನ ಎಂಡ್ತಿ ಹಣೇಗೆ ಏನಿಟ್ಕತಾಳೆ ಅಂತ ಓಗಿ ನೋಡ್ಲಿ."

ಸಾಲು ನಕ್ಕಿತು.

"ಅಕ್ಕ, ಈ ನೀರು ಮೂಳೆ ತಿಂತದೆ. ಟ್ಯಾಂಕಿನ ನೀರ್ ಕುಡೀರಿ."

"ನಿನ್ ಟ್ಯಾಂಕಿನ್ ನೀರು ಆಸ್ಪತ್ರೆ ನಾತ ಕಣೋ. ಬಾಯಿಗಿಟ್ರೆ ಸೂಜಿ ಚುಚ್ಚಿಸ್ಕಂಡಂಗಾಯ್ತದೆ. ಇದ್ನ ಕುಡಿದು ನೋಡು, ಎಳನೀರು!"

ಅವನು ಇನ್ನೂ ಏನೋ ಹೇಳಲು ಹೊರಟ. ಆದರೆ ಹೇಳಬೇಕಾದ್ದನ್ನು ಬಣ್ಣ ಆಗಲೇ ಬೇರೆ ರೀತಿಯಲ್ಲಿ ಹೇಳಿಬಿಟ್ಟಿತ್ತು. ಅಯ್ಯ ವಿಭೂತಿಯ ತಟ್ಟೆ ಹಿಡಿದು ಬಂದರು. ಅವರಿಗೆ ಬಾಗಲಾಗದು, ಮಲ್ಲಪ್ಪನೇ ಹತ್ತಿರ ಹೋಗಿ ಹಣೆ ಕೊಟ್ಟ.

"ಪದ ಕೇಳಿ ಕೇಳಿ ನಿಂಗೂ ಒಂದಿಷ್ಟು ಭಕ್ತಿ ಅಂಟ್ಕಂಡೈತೆ ಕಣ್ಲಾ," ಎಂದು ಅಯ್ಯ ಸಂತೋಷದಿಂದ ಹಚ್ಚಿದರು.

*

ಅಯ್ಯನ ಸೊಸೆ ಸಣ್ಣಕ್ಕ ಮಧ್ಯಾಹ್ನ ಟ್ಯಾಂಕಿನ ಬಳಿ ಬಂದಳು. ಅವಳ ಗಂಡ ಕುರಿ ಹೊಡೆದುಕೊಂಡು ಮೆಟ್ಟೂರು ಕಡೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವನಿಗೆ ದೇವರ ಪದ ಅಂಟಿರಲಿಲ್ಲ. ಅಂಟಿದ್ದು ಮಗಳು ಚಂದ್ರಿಕಾಳಿಗೆ. ಒಮ್ಮೆ ಕೇಳಿದರೆ ಹುಡುಗಿ ತಿರುಗಿ ಹೇಳುತ್ತಿದ್ದಳು, ಅದೂ ಅಯ್ಯ ಎಳೆಯುವಲ್ಲೇ ಎಳೆದು, ನಿಲ್ಲಿಸುವಲ್ಲೇ ನಿಲ್ಲಿಸಿ. ಈಗ ಅವ್ವನ ಸೆರಗು ಹಿಡಿದು ಮಲ್ಲಪ್ಪನನ್ನು ನೋಡಿ ನಕ್ಕಳು. ಹಲ್ಲುಗಳು ಸೀಮೆಸುಣ್ಣದ ಹಾಗೆ ಬಿಳಿಚಿ, ನಡುವೆ ಕಂದು ಗೆರೆ ಮೂಡಿದ್ದವು.

"ಅಣ್ಣಾ, ಆ ಜೀಪ್ನೋರು ಯೋಳಿದ್ದು ನಂಗೂ ಕೇಳಿಸ್ತು," ಎಂದಳು ಸಣ್ಣಕ್ಕ. "ಇವ್ಳು ಎದ್ರೆ ಮೊಣಕಾಲು ನೋವು ಅಂತಾಳೆ. ಮಾವ್ನೋರಿಗೂ ಮೊದ್ಲು ಇಂಗೇ ಸುರುವಾಗಿದ್ದಂತೆ. ನಿನ್ನೆಯಿಂದ ಮನೇಲಿ ನಾನು ನಲ್ಲಿ ನೀರೇ ಕೊಡ್ತೀನಿ, ಸಂಜೆ ಮಾವ್ನೋರು ಪದ ಕಲ್ಸುವಾಗ ಮಾತ್ರ ಆ ನೀರು ಕುಡೀತಾಳೆ. ಬರೋ ಸೋಮವಾರ ದಾರ ಕಟ್ಬುಟ್ರೆ?"

ಮಲ್ಲಪ್ಪನಿಗೆ ಆ ಕಟ್ಟಳೆ ಗೊತ್ತಿತ್ತು. ಪದ ಹೊರುವವರಿಗೆ ಕಾರ್ತಿಕದ ಸೋಮವಾರ ಉಣ್ಣೆಯ ದಾರ ಕಟ್ಟುತ್ತಾರೆ. ಕಟ್ಟಿದ ಮೇಲೆ ಗುರು ಕುಡಿಯುವ ನೀರೊಂದೇ ನೀರು. ಹಾಡುವ ಮುಂಚೆ ಗುರು ಚೊಂಬೆತ್ತಿ ಎರಡು ಗುಟುಕು ಕುಡಿದು, ಮಿಕ್ಕದ್ದನ್ನು ಶಿಷ್ಯನ ಬೊಗಸೆಗೆ ಬಿಡಬೇಕು. ಪದ ಹಾಗೆ ಬಾಯಿಂದ ಬಾಯಿಗೆ ಇಳಿಯುತ್ತದೆ. ದಾರವಿರಲಿ ಇಲ್ಲದಿರಲಿ, ಕಲಿಯುವವರಿಗೆ ಆ ಬೊಗಸೆ ತಪ್ಪುವುದಿಲ್ಲ.

"ನೀ ಯೋಳಬಾರ್ದಾ ಅವ್ರಿಗೆ?"

"ನಾ ಯೋಳಿದ್ರೆ ಸೊಸೆ ಮಾತು. ನೀ ಯೋಳಿದ್ರೆ ಕೇಳ್ತಾರೇನೋ. ನಿನ್ ಕಂಡ್ರೆ ಅವ್ರಿಗೆ ಪ್ರೀತಿ."

ಅದೇ ಅವನಿಗೆ ಕಷ್ಟವಾಗಿತ್ತು.

ಅಂದೆಲ್ಲ ಮೋಟರಿನ ಸದ್ದಿನ ಕೆಳಗೆ ಅವನು ತಾನು ಕೇಳಿದ ಪದಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಕೂತ. ಬೀರಪ್ಪ ಕೋಲೂರಿದಲ್ಲಿ ನೀರೆದ್ದದ್ದು, ಬಾಯಾರಿದ ಕುರಿಮರಿಗೆ ಬಂಡೆ ಕಣ್ಣು ಬಿಟ್ಟದ್ದು, ಶತ್ರು ಬಂದು ಕೇಳಿದರೂ ಹಾಲಿನಂಥ ನೀರು ಕೊಟ್ಟದ್ದು. ಎಲ್ಲ ಕಡೆಯೂ ನೀರು ತೆರೆಯುತ್ತಿತ್ತು. ಯಾರಾದರೂ ನೀರು ಮುಚ್ಚಿದ, ಮುಚ್ಚಿ ಪುಣ್ಯ ಕಟ್ಟಿಕೊಂಡ ಒಂದು ಸಾಲು ಸಿಗಬಹುದೆಂದು ಹುಡುಕಿದ. ಸಿಗಲಿಲ್ಲ.

ಭಾನುವಾರ ಬೆಳಕು ಹರಿಯುತ್ತಲೇ ಸ್ಪ್ಯಾನರು ತೆಗೆದುಕೊಂಡು ಹೋಗಿ ಪಂಪಿನ ಹಿಡಿಯನ್ನೂ ಚೈನನ್ನೂ ಬಿಚ್ಚಿದ. ಒಣಗಿದ ಹಾರ ಕಾಲಮೇಲೆ ಬಿತ್ತು. ಎರಡನ್ನೂ ಗೋಣಿಯಲ್ಲಿ ಸುತ್ತಿ ಟ್ಯಾಂಕಿನ ಮೋಟರು ರೂಮಿನಲ್ಲಿಟ್ಟು ಬೀಗ ಹಾಕಿದ.

ಊರು ಬೈಯಿತು. ಬೀರಪ್ಪನ ಕೈ ಮುರಿದವನು ಎಂದಿತು. ಗುಂಡಮ್ಮ ಈ ಸಲ ತಮಾಷೆ ಮಾಡಲಿಲ್ಲ. ನಲ್ಲಿಯಲ್ಲಿ ಕೊಡ ತುಂಬಿಸಿ, ಅವನು ನೋಡುತ್ತಿದ್ದಂತೆ ಅದನ್ನು ದಾರಿಗೆ ಸುರಿದು, ಖಾಲಿ ಕೊಡ ಹೊತ್ತು ಹೋದಳು.

*

ಸೋಮವಾರ ಸಂಜೆ ಅಯ್ಯ ಮೋಟರು ರೂಮಿಗೇ ಬಂದರು. ಅವರೆಂದೂ ಅಷ್ಟು ದೂರ ನಡೆದು ಬಂದವರಲ್ಲ. ಕೈಯಲ್ಲಿ ಹಿತ್ತಾಳೆ ಚೊಂಬು. ತಲೆಗೆ ನೀರು ಹಾಕಿಕೊಂಡ ಚಂದ್ರಿಕಾ ಅವರ ಬೆರಳು ಹಿಡಿದಿದ್ದಳು. ಸಣ್ಣಕ್ಕ ದೂರದಲ್ಲಿ, ಹುಣಸೆ ಮರದ ಕೆಳಗೆ ನಿಂತಳು. ನಿನ್ನೆಯಿಂದ ಅಯ್ಯ ನೀರು ಮುಟ್ಟಿಲ್ಲವೆಂದು ಅವಳೇ ಬೆಳಿಗ್ಗೆ ಹೇಳಿದ್ದಳು. ಅವರ ತುಟಿ ಒಡೆದಿತ್ತು.

"ಮಲ್ಲಪ್ಪ, ನಿಮ್ಮವ್ವನ ಮಡ್ಲಲ್ಲಿ ಮನೀಕಂಡು ಪದ ಕೇಳ್ತಿದ್ದೋನು ನೀನು. ನಿದ್ದೆ ಬಂದ್ರೂ ಊಂಗುಟ್ತಿದ್ದೆ."

"ಊಂ ಅಯ್ಯಾ."

"ನೀರ್ ಕಟ್ಟಾಕೋನು ಯಾವ್ ಪದದಲ್ಲಾರ ಬತ್ತಾನಾ?"

"ಇಲ್ಲ ಅಯ್ಯಾ. ಉಡುಕ್ದೆ. ಇಲ್ಲ."

ಅಯ್ಯ ಇದಿರುನೋಡಿದ್ದು ಬೇರೆ ಉತ್ತರವಿರಬೇಕು.

"ಆ ಇಂಜಿನಿಯರು ನನ್ನ ಕತ್ತ ನೋಡ್ದ. ಅವ್ನು ನೋಡಿದ್ದ ನಾನೂ ನೋಡ್ದೆ. ನಂಗೇನೂ ತಿಳೀದು ಅನ್ಕಬ್ಯಾಡ. ಬೀರಪ್ಪ ಹಿಡ್ಕಂಡವ್ನೆ ಅಂತ ಊರು ಅಂತದೆ." ಧ್ವನಿ ಇಳಿಯಿತು. "ಹಿಡ್ಕಂಡೋನು ಇಷ್ಟ್ ನೋಯಿಸ್ತಾನೇನ್ಲಾ?"

ಅಯ್ಯ ಚೊಂಬನ್ನು ಎದೆಗೊತ್ತಿಕೊಂಡರು.

"ಮಗೀಗೆ ದಾರ ಕಟ್ಟಲ್ಲ, ಬುಡು. ಅವ್ಳು ನಲ್ಲಿ ನೀರೇ ಕುಡ್ಕಳ್ಳಿ. ನನ್ನ ಮೂಳೆ ಆದದ್ದಾಗೈತೆ. ನಂಗೊಂದ್ ಚೊಂಬು. ದಿನಕ್ಕೊಂದ್ ಚೊಂಬು, ಯಾರ್ಗೂ ಕಾಣ್ದಂಗೆ ಹಿಡಿ ಹಾಕಿ ಒತ್ತಿ ಕೊಡು. ಕೊಟ್ಟ ಮಾತೈತೆ, ಬೇರೆ ನೀರು ಗಂಟ್ಲಲ್ಲಿ ಇಳೀದು. ನೀರಿಲ್ದಿದ್ರೆ ಪದ ಇಲ್ಲ. ಪದ ನಿಂತೋದ್ರೆ ನೀ ಎಲ್ಲಿ ಓಗಿ ಕೇಳೀಯ?"

ಮಲ್ಲಪ್ಪನ ಕೈ ಸೊಂಟದ ಬೀಗದ ಕೈಯ ಮೇಲೆ ಹೋಯಿತು. ಒಬ್ಬ ಮುದುಕ, ಒಂದು ಚೊಂಬು. ಕೊಟ್ಟದ್ದನ್ನು ಇಲ್ಲಿ ಯಾರೂ ಲೆಕ್ಕ ಬರೆದುಕೊಳ್ಳುವುದಿಲ್ಲ. ಅಯ್ಯನ ಪದಗಳು ಎಲ್ಲಿಯೂ ಬರೆದಿಲ್ಲ. ಆ ಒಡೆದ ತುಟಿಯ ಹಿಂದೆ ಇದ್ದವು, ಅಷ್ಟೆ.

"ಕೊಡಪ್ಪ," ಎಂದು ಅಯ್ಯ ಖಾಲಿ ಚೊಂಬನ್ನು ಎತ್ತಿ ಅವನ ಕಡೆ ನೀಡಿದರು.

ಅಜ್ಜನ ಕೈಯಲ್ಲಿ ಚೊಂಬು ಮೇಲೆದ್ದದ್ದೇ ತಡ, ಚಂದ್ರಿಕಾ ಅವರ ಬೆರಳು ಬಿಟ್ಟು ಎರಡೂ ಅಂಗೈ ಕೂಡಿಸಿ ಅದರ ಕೆಳಗೆ ಬೊಗಸೆ ಹಿಡಿದಳು. ಯಾರೂ ಅವಳಿಗೆ ಹೇಳಿರಲಿಲ್ಲ. ಸಂಜೆಯಾಗಿತ್ತು, ಚೊಂಬು ಎದ್ದಿತ್ತು. ಅವಳು ಪದಕ್ಕೆ ಕಾಯುವ ಹಾಗೆ ಮುಖವೆತ್ತಿ ನಿಂತಳು.

ಕತ್ತು ಬಾಗದ ಅಯ್ಯನಿಗೆ ಕೆಳಗಿನ ಆ ಕೈಗಳು ಕಾಣುತ್ತಿರಲಿಲ್ಲ. ಮಲ್ಲಪ್ಪನಿಗೆ ಕಂಡವು.

ಅವನು ಬೀಗದ ಕೈಯನ್ನು ಸೊಂಟದ ಮಡಿಕೆಯೊಳಕ್ಕೆ ಇನ್ನೂ ಆಳವಾಗಿ ತುರುಕಿದ.

"ಇಲ್ಲ ಅಯ್ಯಾ," ಎಂದ. "ಕೊಡಲ್ಲ."