ಬೇಕರಿ ಅಮ್ಮ ಸಭೆಗೆ ಹೋದದ್ದು

ಆ ದಿನ ಬೆಳಿಗ್ಗೆ ಬೇಕರಿಗೆ ಬಂದ ಗಿರಾಕಿಗಳಿಗೆ ಸಿಕ್ಕಿದ್ದು ಬ್ರೆಡ್ಡಲ್ಲ, ಬರೀ ಹೊಗೆ. ಒಲೆ ನೋಡಿಕೊಳ್ಳಬೇಕಿದ್ದ ಒಡತಿಯ ಮಗ ಕುಡಿದ ಅಮಲಿನಲ್ಲಿ ಅಲ್ಲೇ ನಿದ್ದೆ ಹೋಗಿದ್ದ. ನಾಲ್ಕು ಟ್ರೇ ಬ್ರೆಡ್ಡು ಇದ್ದಿಲಾಗಿತ್ತು. ಪಕ್ಕದಲ್ಲಿದ್ದ ಖಾಲಿ ಚೀಲಗಳಿಗೂ ಬೆಂಕಿ ತಗುಲಿತ್ತು. ಅವನ ಹೆಂಡತಿ ಓಡಿಬಂದು ನೀರು ಸುರಿಯದಿದ್ದರೆ ಬೇಕರಿಯೂ ಇಲ್ಲ, ಅವನೂ ಇಲ್ಲ.

ಅವನ ತಾಯಿಯನ್ನು ಬೀದಿಯವರೆಲ್ಲ 'ಬೇಕರಿ ಅಮ್ಮ' ಎನ್ನುತ್ತಿದ್ದರು. ಬ್ರೆಡ್ಡು ಕೊಳ್ಳಲು ಬಂದ ಆರೋಗ್ಯ ಕೇಂದ್ರದ ನರ್ಸಿನ ಎದುರು ಅವರು ಗುಡುಗಿದರು.

"ಇವನನ್ನ ಕೋಣೇಲಿ ಕೂಡಿ ಹಾಕ್ತೀನಿ ನರ್ಸಮ್ಮ. ನಾಲ್ಕು ದಿನ ಒಂದು ಹನಿ ಸಿಗದಿದ್ರೆ ತಾನಾಗೇ ದಾರಿಗೆ ಬರ್ತಾನೆ."

"ಹಾಗೆ ಮಾಡ್ಬೇಡಿ ಅಮ್ಮ. ದಿನಾ ಕುಡಿಯೋರು ಒಮ್ಮೆಲೇ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟರು ನೋಡ್ಕೊಂಡು ಬಿಡಿಸಬೇಕು."

"ಕುಡಿತಕ್ಕೂ ಡಾಕ್ಟರಾ? ಮನಸ್ಸು ಗಟ್ಟಿ ಇಲ್ಲ, ಅಷ್ಟೇ."

"ಇದೂ ಒಂದು ಕಾಯಿಲೆ. ನಿಮ್ಮ ಸಕ್ಕರೆ ಕಾಯಿಲೆ ಬರೀ ಮನಸ್ಸು ಗಟ್ಟಿ ಮಾಡ್ಕೊಂಡ್ರೆ ವಾಸಿಯಾಯ್ತಾ?"

ಬೇಕರಿ ಅಮ್ಮ ಸುಟ್ಟ ಟ್ರೇ ಎತ್ತಿ ಪಕ್ಕಕ್ಕಿಟ್ಟರು. ಹಿಂದಿನಿಂದ ಮಗನ ದನಿ ಕೇಳಿತು. "ನಾನು ಬರ್ತೀನಿ ನರ್ಸಮ್ಮ. ಇವತ್ತೇ ಕರ್ಕೊಂಡು ಹೋಗಿ."

ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ ಮೇಲೆ ನರ್ಸಮ್ಮ ಅವನನ್ನು ಒಬ್ಬರಿಗೆ ಪರಿಚಯಿಸಿದರು. ಅವರು ನಿವೃತ್ತ ಪೋಸ್ಟ್‌ಮ್ಯಾನ್, ಎಲ್ಲರ ಬಾಯಲ್ಲಿ ಪೋಸ್ಟಣ್ಣ. ಅವರು ಕುಡಿತ ಬಿಟ್ಟು ಹದಿನಾಲ್ಕು ವರ್ಷವಾಗಿತ್ತು. ಕುಡಿತ ಬಿಟ್ಟವರೂ ಬಿಡಬೇಕೆನ್ನುವವರೂ ಪ್ರತಿ ಭಾನುವಾರ ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ ಸೇರುತ್ತಿದ್ದರು.

"ಕುಡೀಬೇಕು ಅನ್ನಿಸಿದ ತಕ್ಷಣ ನಂಗೆ ಫೋನ್ ಮಾಡು," ಎಂದರು ಪೋಸ್ಟಣ್ಣ. "ಕುಡಿದ ಮೇಲೆ ಮಾಡಿದ್ರೂ ಎತ್ತುತ್ತೀನಿ. ಆದ್ರೆ ಮೊದಲೇ ಮಾಡಿದ್ರೆ ನಿನ್ನ ಮಾತು ಅರ್ಥ ಆಗತ್ತೆ."

ಮೊದಲ ದಿನವೇ ಅವನು ಹನ್ನೊಂದು ಸಲ ಫೋನ್ ಮಾಡಿದ. ಆ ಆಸೆ ಇಳಿಯುವವರೆಗೆ ಪೋಸ್ಟಣ್ಣ ತಮ್ಮನ್ನು ಅಟ್ಟಿಸಿಕೊಂಡು ಬಂದ ನಾಯಿಗಳ ಕಥೆ ಹೇಳುತ್ತಿದ್ದರು. "ಮದುವೆಯಾಗಿ ಹತ್ತು ವರ್ಷದಲ್ಲಿ ನನ್ನ ಹತ್ರ ಇಷ್ಟು ಮಾತಾಡಿಲ್ಲ," ಎಂದು ಹೆಂಡತಿ ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಬಹಳ ಕಾಲವಾಗಿತ್ತು.

ಕುಡಿತ ಬಿಟ್ಟ ಐವತ್ತನೆಯ ದಿನ ಹಳೆಯ ಗೆಳೆಯನೊಬ್ಬ ಒತ್ತಾಯ ಮಾಡಿದ. ಮಗ ಫೋನ್ ಮಾಡಲಿಲ್ಲ, ಕುಡಿದುಬಿಟ್ಟ. ಮರುದಿನ ಗೋಡೆಗೆ ಮುಖ ಮಾಡಿ ಮಲಗಿದವನು ಹಾಸಿಗೆ ಬಿಡಲಿಲ್ಲ.

"ಎಲ್ಲಾ ಮಣ್ಣುಪಾಲಾಯ್ತು," ಎಂದು ಬೇಕರಿ ಅಮ್ಮ ತಲೆಯ ಮೇಲೆ ಕೈ ಹೊತ್ತು ಕುಳಿತರು. ಸೊಸೆ ಮಾತ್ರ ಸುಮ್ಮನಿರದೆ ಪೋಸ್ಟಣ್ಣನನ್ನು ಕರೆಸಿದಳು. ಅವರು ಬಂದು ಹಾಸಿಗೆಯ ಪಕ್ಕದಲ್ಲೇ ಕುಳಿತರು.

"ಏಳಪ್ಪ. ನಾನು ಮೂರು ಸಲ ಜಾರಿದ್ದೆ. ನಲವತ್ತೊಂಬತ್ತು ದಿನ ಕುಡೀದೆ ಇದ್ಯಲ್ಲ, ಅದು ಎಲ್ಲೂ ಹೋಗಿಲ್ಲ. ಡಾಕ್ಟರನ್ನ ಕಂಡು ಸಭೆಗೆ ಹೋಗೋಣ. ಅಮ್ಮಾ, ನೀವೂ ಬನ್ನಿ."

"ನಾನ್ಯಾಕೆ? ನಾನೇನು ಕುಡೀತೀನಾ?"

"ಕುಡಿಯೋರ ಮನೆಯವರಿಗೂ ನೋವಿರತ್ತೆ ಅಮ್ಮ. ಅದನ್ನ ಇಳಿಸೋಕೆ ಬನ್ನಿ."

ಆ ಭಾನುವಾರ ಮಗ ಎದ್ದು ನಿಂತು, "ಮೊನ್ನೆ ಕುಡಿದೆ. ನಾಚಿಕೆ ಆಗ್ತಿದೆ. ಆದ್ರೂ ಬಂದಿದೀನಿ," ಎಂದ. ಯಾರೂ ಛೀ ಎನ್ನಲಿಲ್ಲ. ಮರಳಿ ಬಂದದ್ದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಬೇಕರಿ ಅಮ್ಮನ ಸರದಿ ಬಂತು. ಒಂದೆರಡು ಮಾತು ಎಂದು ಎದ್ದವರು ಪೋಸ್ಟಣ್ಣ ಎರಡು ಸಲ ಕೆಮ್ಮುವವರೆಗೂ ಮಾತಾಡಿದರು. ಕೊನೆಗೆ ಮಗನತ್ತ ತಿರುಗಿದರು. "ಬೀದಿಗೆಲ್ಲ ಕೇಳೋ ಹಾಗೆ ಅವನನ್ನ ಬೈದೆ. ಒಂದು ದಿನಾನೂ 'ಏನಾಗ್ತಿದೆ ಮಗಾ' ಅಂತ ಕೇಳ್ಲಿಲ್ಲ." ಮಗ ಬಂದು ಅವರ ಕೈ ಹಿಡಿದುಕೊಂಡ.

ಆಮೇಲೆ ಒಂದು ಭಾನುವಾರವೂ ಅಮ್ಮ ತಪ್ಪಿಸಲಿಲ್ಲ. ಮನೆಯಲ್ಲಿ ಕೂಗಾಟ ನಿಂತಿತು. ಬೇಸರವಾದರೆ ಮಗ ಬಾಯಿಬಿಟ್ಟು ಹೇಳುತ್ತಿದ್ದ, ಹಳೆಯ ಗೆಳೆಯರ ಅಡ್ಡಾದತ್ತ ಹೋಗುತ್ತಿರಲಿಲ್ಲ.

ಅವನು ಕುಡಿಯದೆ ಒಂದು ವರ್ಷ ತುಂಬಿದ ಮೇಲಿನ ಭಾನುವಾರ ಸಭೆಯಲ್ಲಿ ಯಾರೋ ಹಾಡು ಹಾಕಿದರು. ಮೊಣಕಾಲು ನೋವೆನ್ನುವ ಪೋಸ್ಟಣ್ಣನೇ ಮೊದಲು ಕುಣಿದರು. ಅವರ ಹಿಂದೆ ಅತ್ತೆ ಸೊಸೆ ಕೈ ಕೈ ಹಿಡಿದು ಸೇರಿಕೊಂಡರು, ಮಗನೂ ಜೊತೆಯಾದ. ಅಷ್ಟರಲ್ಲಿ ಬಾಗಿಲ ಹೊರಗೆ ಒಬ್ಬ ಹೊಸಬ ತಲೆ ತಗ್ಗಿಸಿ ನಿಂತಿರುವುದು ಮಗನ ಕಣ್ಣಿಗೆ ಬಿತ್ತು. ಅವನು ಕುಣಿತ ಬಿಟ್ಟು ಹೊರಗೆ ಹೋದ.

"ಬನ್ನಿ ಅಣ್ಣ," ಎಂದ. "ಒಳಗೆ ಜಾಗ ಇದೆ. ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ಕುಡಿತಕ್ಕೆ ಸಿಕ್ಕಿಕೊಂಡಿದ್ದರೆ ಮುಚ್ಚಿಡಬೇಡಿ, ಹಂಗಿಸಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಕುಡಿತ ಬಿಟ್ಟು ಬಾಳುತ್ತಿರುವ ಒಬ್ಬರ ಸ್ನೇಹ ಮಾಡಿಸಿ, ಸಭೆಗೆ ನೀವೂ ಜೊತೆಗೆ ಹೋಗಿ. ನಡುವೆ ಜಾರಿದರೆ ಕೈ ಬಿಡಬೇಡಿ, ಮತ್ತೆ ಎಬ್ಬಿಸಿ. ಇನ್ನು ಕುಡಿತದಿಂದ ಸೋತಿರುವವರು ನೀವೇ ಆಗಿದ್ದರೆ, ಇವತ್ತೇ ಒಬ್ಬರಿಗೆ ಬಾಯಿಬಿಟ್ಟು ಹೇಳಿ. ಕೇಳಿಸಿಕೊಳ್ಳುವವರು ಇದ್ದಾರೆ.