ಗಾಡಿಮನೆಯ ಮೂತಿ ಬಿಚ್ಚಿದ್ದು

ಮಲಗುವ ಕೋಣೆಯ ಬಾಗಿಲಿಗೆ ಡೆಲ್ ಟ್ಯಾಕೆಟ್ ಆ ವರ್ಷ ಎರಡು ಸಲ ಹತ್ತರಿ ಹೊಡೆದಿದ್ದ. ಮೊದಲ ಸಲ ವಯೋಮಿಂಗ್‌ನಲ್ಲಿ, ಎರಡನೇ ಸಲ ಟೆಕ್ಸಸ್‌ನ ಪೇಕೋಸ್‌ಗೆ ಬಂದಿಳಿದ ವಾರದಲ್ಲಿ. ಒಣಹವೆಗೆ ಮರ ಸೊಟ್ಟಗಾಗುತ್ತದೆ ಅಂತ ಅವನ ವಾದ. ಅಕ್ಟೋಬರಿನಲ್ಲಿ ಬಾಗಿಲು ಮತ್ತೆ ಮೇಲಿನ ಮೂಲೆಯಲ್ಲಿ ಕಚ್ಚಿಕೊಳ್ಳತೊಡಗಿದಾಗ ಅವನ ಹೆಂಡತಿ ಲೊರೀನ್ ಹತ್ತರಿ ಹುಡುಕಲು ಹೋಗಲಿಲ್ಲ. ಬಾಗಿಲನ್ನು ಅರ್ಧಕ್ಕೆ ತೆರೆದಿಟ್ಟು, ಹಾಸಿಗೆಯ ಅಂಚಿನಲ್ಲಿ ಕೂತು, ಅದರ ಚೌಕಟ್ಟನ್ನೇ ನೋಡಿದಳು. ಬಾಗಿಲು ನೆಟ್ಟಗಿತ್ತು. ಸೊಟ್ಟಗಾಗಿದ್ದದ್ದು ಗೋಡೆ.

ಅವರದು ಫಿಫ್ತ್ ವೀಲ್ ಅನ್ನುವ ಜಾತಿಯ ಗಾಡಿಮನೆ. ಅಡುಗೆಮನೆ, ಬಚ್ಚಲು, ಸೋಫಾ ಎಲ್ಲ ಚಕ್ರಗಳ ಮೇಲೆ. ಮಲಗುವ ಕೋಣೆ ಮಾತ್ರ ಮುಂದಕ್ಕೆ, ಮೂತಿಯ ಹಾಗೆ ಎತ್ತರದಲ್ಲಿ ಚಾಚಿಕೊಂಡಿರುತ್ತದೆ. ಆ ಮೂತಿಯ ಅಡಿಯ ದಪ್ಪ ಗೂಟವನ್ನು ಪಿಕಪ್ ಟ್ರಕ್ಕಿನ ಬೆನ್ನಿಗೆ ಸಿಕ್ಕಿಸಿ ಎಳೆದೊಯ್ಯುವುದು. ಡೆಲ್ ಪೈಪ್‌ಲೈನ್ ವೆಲ್ಡರ್. ಕೆಲಸ ಎಲ್ಲಿ ಬಿದ್ದರೆ ಅಲ್ಲಿಗೆ ಮನೆ. ಕೆಂಟಕಿಯ ಬೆಟ್ಟಸೀಮೆ ಬಿಟ್ಟ ಮೇಲೆ ಹನ್ನೊಂದು ವರ್ಷ ಹೀಗೇ ನಡೆದಿತ್ತು. ಅವನು ವೆಲ್ಡಿಂಗ್ ಸಾಮಾನು ಹೇರಿದ ತನ್ನ ಟ್ರಕ್ ಓಡಿಸುತ್ತಿದ್ದ, ಇನ್ನೊಂದು ಟ್ರಕ್ಕಿನಲ್ಲಿ ಮನೆಯನ್ನು ಎಳೆಯುತ್ತಿದ್ದವಳು ಲೊರೀನ್.

ಅವಳು ಮೂತಿಯ ಅಡಿಗೆ ಹೋಗಿ, ಬೆನ್ನಡಿಗೆ ಹಳೇ ರಗ್ಗು ಹಾಸಿಕೊಂಡು, ಅದರ ಹೊಟ್ಟೆಯ ತಗಡಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದಳು. ತಗಡು ಜೋತುಬಿದ್ದಿತು. ಇಲಿ ಕಚ್ಚಿದ ಹತ್ತಿ, ಕೆಂಪು ಧೂಳು ಮುಖಕ್ಕೆ ಸುರಿಯಿತು. ಅದನ್ನೆಲ್ಲ ಒರೆಸಿಕೊಂಡು ಟಾರ್ಚು ಬಿಟ್ಟು ನೋಡಿದರೆ, ಮೂತಿಯ ಭಾರ ಹೊರುವ ಕಬ್ಬಿಣದ ತೊಲೆ ಹಿಂದಿನ ಮನೆಗೆ ಸೇರುವ ಕಡೆ ಸೀಳಿತ್ತು. ಎಡಗಡೆ ಬಿರುಕಿಗೆ ತುಕ್ಕು ಹಿಡಿದಿತ್ತು. ಬಲಗಡೆಯದು ಹೊಳೆಯುತ್ತಿತ್ತು, ಅಂದರೆ ಹೊಸದು. ಬೆರಳಿನ ಉಗುರು ಸಲೀಸಾಗಿ ಒಳಗೆ ಹೋಯಿತು.

ಎಡಗಡೆ ಬಿರುಕಿನ ಪಕ್ಕದಲ್ಲೇ ಒಂದು ಬೆಸುಗೆ ಓಡಿತ್ತು. ಬಣ್ಣ ಕೆರೆಯದೆ, ಅದರ ಮೇಲೇ ಹಾಕಿದ್ದು. ಸುತ್ತಲ ಬಣ್ಣ ಸುಟ್ಟು ಗುಳ್ಳೆಯೆದ್ದಿತ್ತು. ಆದರೆ ಬೆಸುಗೆ ಮಾತ್ರ ಬಲು ಚೆಂದ. ಮೀನಿನ ಹುರುಪೆ ಒಂದರ ಮೇಲೊಂದು ಜೋಡಿಸಿಟ್ಟಂತೆ, ಕೊನೆಯಲ್ಲಿ ಸಣ್ಣಗೆ ಎಡಕ್ಕೆ ತಿರುವಿ ಬಿಟ್ಟದ್ದು.

ಮದುವೆಯಾದ ಹೊಸದರಲ್ಲಿ ಲೊರೀನ್ ಎರಡು ವರ್ಷ ಡೆಲ್‌ನ ಕೈಯಾಳಾಗಿ ಪೈಪ್‌ಲೈನಿನಲ್ಲಿ ದುಡಿದಿದ್ದಳು. ಅವನು ಹಾಕಿದ ಬೆಸುಗೆ ಆರುವ ಮುಂಚೆ ಬ್ರಶ್ಶಿನಿಂದ ತಿಕ್ಕುವುದು ಅವಳ ಕೆಲಸವಾಗಿತ್ತು. ಆ ಎಡಗಡೆ ತಿರುವನ್ನು ಅವಳು ಎಲ್ಲಿ ಕಂಡರೂ ಗುರುತಿಸುತ್ತಿದ್ದಳು.

ರಗ್ಗಿನ ಮೇಲೆ ಮಲಗಿಕೊಂಡೇ ಅವಳು ಲೆಕ್ಕ ಹಾಕಿದಳು. ಮಾರ್ಚಿನಲ್ಲಿ, ಅವಳು ಅಕ್ಕನ ಮಗಳ ಬಾಣಂತನಕ್ಕೆ ಅಂತ ಕೆಂಟಕಿಗೆ ಹೋಗಿದ್ದಾಗ ಆಗಿರಬೇಕು. ಅದಾದ ಮೇಲೆ ವಯೋಮಿಂಗ್‌ನ ಘಟ್ಟಗಳನ್ನು ಇಳಿದು, ಕೊಲೊರಾಡೊ ದಾಟಿ ಇಲ್ಲಿಯತನಕ ಈ ಮನೆಯನ್ನು ಎಳೆದು ತಂದವಳು ತಾನು. ದಾರಿಯುದ್ದಕ್ಕೂ ಡೆಲ್ ಹಿಂದೇ ಇದ್ದ. ಬೇರೆ ಸಲವೆಲ್ಲ ಮುಂದೆ ಹೋಗಿ ಎಲ್ಲೋ ಕಾಫಿ ಕುಡಿಯುತ್ತ ಕೂರುವ ಮನುಷ್ಯ ಈ ಸಲ ಕನ್ನಡಿಯಿಂದ ಮರೆಯಾಗಲೇ ಇಲ್ಲ. ಅದು ಅವಳಿಗೆ ಎಷ್ಟು ಹಿಡಿಸಿತ್ತೆಂದರೆ, ಅಕ್ಕನಿಗೆ ಫೋನಿನಲ್ಲಿ ಹೇಳಿಕೊಂಡಿದ್ದಳು: "ಈ ವಯಸ್ಸಲ್ಲಿ ಅವನಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ ಆಗಿದೆ ಕಣೆ."

ಎದ್ದು ಕೈ ತೊಳೆದು ಬೀನ್ಸ್ ಬೇಯಲಿಟ್ಟಳು. ಜೋಳದ ರೊಟ್ಟಿಗೆ ಹಿಟ್ಟು ಕಲಸಿದಳು. ತಗಡನ್ನು ಜೋತಾಡಲು ಹಾಗೇ ಬಿಟ್ಟಳು.

ಡೆಲ್ ಬಂದಾಗ ಇನ್ನೂ ಬಿಸಿಲಿತ್ತು. ಟ್ರಕ್ಕಿನಿಂದ ಇಳಿದವನ ಕಣ್ಣು ಮೊದಲು ತಗಡಿನ ಮೇಲೆ ಬಿತ್ತು. ಬಗ್ಗಿ, ಅಡಿಗೆ ಹೋಗಿ, ಸುಮಾರು ಹೊತ್ತು ಅಲ್ಲೇ ಇದ್ದ. ಲೊರೀನ್ ಮೆಟ್ಟಿಲ ಮೇಲೆ ನಿಂತಿದ್ದಳು.

"ಗಾಡಿ ಮಾಡೋ ಕಂಪನಿಯವರ ಕೆಲಸಾನೇ ಇಷ್ಟು," ಅಂದ ಹೊರಗೆ ಬಂದು. "ಕಾಗದದಂಥ ಕಬ್ಬಿಣ ಹಾಕ್ತಾರೆ."

"ಎಡಗಡೆ ಒಂದು ಬೆಸುಗೆ ಇದೆಯಲ್ಲ, ಅದನ್ನ ಹಾಕಿದ್ಯಾರು?"

"ಫ್ಯಾಕ್ಟರೀಲಿ ಯಾರೋ."

"ಬಣ್ಣದ ಮೇಲೇ ಹಾಕಿದಾರೆ."

"ಹಾಕಿರ್ತಾರೆ. ಅವರಿಗೇನು, ಅವರು ಇದ್ರಲ್ಲಿ ಮಲಗ್ತಾರಾ?" ಅವನು ಟೋಪಿ ತೆಗೆದು ತೊಡೆಗೆ ಬಡಿದು ಧೂಳು ಕೊಡವಿದ. "ಭಾನುವಾರ ನಾನೇ ಒಂದು ಗೆರೆ ಎಳೆದುಬಿಡ್ತೀನಿ. ಸೋಮವಾರ ಹೊರಡೋಣ. ಲೂಯಿಸಿಯಾನದ ಕೆಲಸ ನಮಗಾಗಿ ಕಾಯಲ್ಲ."

"ನೀನು ಹೋಗು. ಮನೆ ಬರಲ್ಲ."

"ಅಂದ್ರೆ?"

"ಅಂದ್ರೆ ಇದರ ಮೂತಿ ಪೂರ್ತಿ ಬಿಚ್ಚಿ ಸರಿ ಮಾಡೋವರೆಗೂ ನಾನು ಇದನ್ನ ಎಳೆಯಲ್ಲ. ನೀನೂ ಎಳೆಯಕೂಡದು."

ಅವನು ಊಟದ ಹೊತ್ತಿಗೆ ಎರಡು ಸಲ, ಊಟ ಮುಗಿದ ಮೇಲೆ ಒಂದು ಸಲ ಅದೇ ಮಾತೆತ್ತಿದ. ಲೊರೀನ್ ಜಗಳ ಆಡಲಿಲ್ಲ, ಒಪ್ಪಲೂ ಇಲ್ಲ. ಸೋಮವಾರ ಬೆಳಿಗ್ಗೆ ಡೆಲ್ ಬಟ್ಟೆಯ ಚೀಲ, ಕಾಫಿ ಪಾತ್ರೆ, ಒಂದು ದಿಂಬು ತೆಗೆದುಕೊಂಡು ಒಬ್ಬನೇ ಹೊರಟ.

ಗಾಡಿಮನೆಗಳು ತಂಗುವ ಆ ಪಾರ್ಕನ್ನು ನೋಡಿಕೊಳ್ಳುತ್ತಿದ್ದವಳು ಫೇ ಬ್ರೂಸ್ಟರ್. ವಯಸ್ಸು ಎಪ್ಪತ್ತು ದಾಟಿತ್ತು, ಇಬ್ಬರು ಗಂಡಂದಿರನ್ನು ಮಣ್ಣು ಮಾಡಿ ಮೂರನೆಯವನನ್ನು ಓಡಿಸಿದ್ದಳು. ಗಾಲ್ಫ್ ಆಡುವವರ ಪುಟ್ಟ ಬಂಡಿಯೊಂದರಲ್ಲಿ ದಿನಕ್ಕೆರಡು ಸಲ ಇಡೀ ಜಾಗ ಸುತ್ತಿ, ಯಾರ ಮನೆಯಲ್ಲಿ ಏನು ನಡೆದಿದೆ ಅಂತ ತಿಳಿದುಕೊಂಡೇ ಮಲಗುತ್ತಿದ್ದವಳು. ಲೊರೀನ್ ಹಾಸಿಗೆಯನ್ನು ಹೊರಗೆಳೆದು ಬೇಲಿಗೆ ಒರಗಿಸುವುದನ್ನು ನೋಡಿ ಬಂಡಿ ನಿಲ್ಲಿಸಿದಳು.

"ಏನಮ್ಮಾ, ಗಂಡನ ಜೊತೆ ಹಾಸಿಗೇನೂ ಓಡಿಸ್ತಾ ಇದೀಯಾ?"

"ನೆಲ ಕೀಳ್ಬೇಕು, ಮಿಸ್ ಫೇ. ಕೆಳಗೆ ಕಬ್ಬಿಣ ಸೀಳಿದೆ. ನಿಮ್ಮ ಶೆಡ್ಡಲ್ಲಿ ಗೇಟು ಬೆಸೆಯೋ ಮಿಷನ್ ಒಂದಿತ್ತಲ್ಲ?"

"ಇದೆ. ಅದನ್ನ ಕೊನೇ ಸಲ ಮುಟ್ಟಿದೋನು ನನ್ನ ಮೂರನೇ ಗಂಡ. ಅವನ ಹಾಗೇನೇ ಅದೂನೂ, ಸದ್ದು ಜಾಸ್ತಿ. ನಿಂಗೆ ಬೆಸೆಯೋಕೆ ಬರುತ್ತಾ?"

"ನೋಡಿ ಗೊತ್ತು. ಒಂದೆರಡು ಬೇಲಿ ಬೆಸೆದಿದ್ದೆ."

"ಬೇಲಿ ಬಿದ್ರೆ ಹಸು ಓಡಿಹೋಗುತ್ತೆ, ಅಷ್ಟೆ," ಅಂದಳು ಫೇ. ಆದರೂ ಮಧ್ಯಾಹ್ನ ಮಿಷನ್ನನ್ನು ಬಂಡಿಯ ಹಿಂದೆ ಕಟ್ಟಿ ತಂದುಕೊಟ್ಟಳು.

ಕೆಲಸ ಲೊರೀನ್ ಅಂದುಕೊಂಡದ್ದಕ್ಕಿಂತ ನಿಧಾನವಾಯಿತು. ಮಂಚದ ಕಟ್ಟಿಗೆ ಬಿಚ್ಚಿದ ಮೇಲೆ ನೆಲದ ಪ್ಲೈವುಡ್ ಸಿಕ್ಕಿತು. ಅದು ಮೂಲೆಯಲ್ಲಿ ಕೊಳೆತು ನೆನೆದ ಬಿಸ್ಕತ್ತಿನಂತಾಗಿತ್ತು. ಗೋಡೆ ಓರೆಯಾದಾಗ ಮೇಲಿನ ಸಂದಿ ಬಾಯಿ ಬಿಟ್ಟು ಮಳೆನೀರು ಇಳಿದಿತ್ತು. ಬಾಗಿಲು, ನೀರು, ಕೊಳೆ ಎಲ್ಲ ಒಂದೇ ಬಿರುಕಿನ ಮಕ್ಕಳು. ಅವಳು ಅದನ್ನೆಲ್ಲ ಸನಿಕೆಯಿಂದ ಕೆರೆದು ತೆಗೆದಳು. ಮೂತಿಯ ಅಡಿ ಹಳೇ ರೈಲ್ವೆ ಹಲಗೆಗಳನ್ನು ಅಟ್ಟಿಯಾಗಿ ಪೇರಿಸಿ, ಮೇಲೆ ಜಾಕ್ ಇಟ್ಟು, ದಾರ ಕಟ್ಟಿ ಮಟ್ಟ ನೋಡುತ್ತ, ಇಷ್ಟಿಷ್ಟೇ ಎತ್ತಿದಳು. ಒಂದು ಸಲ ಹಿಡಿ ಒತ್ತುವುದು, ಒಳಗೆ ಹೋಗಿ ಕಿಟಕಿಯ ಗಾಜು ಬಿರಿಯಿತೇ ಅಂತ ನೋಡುವುದು, ಮತ್ತೆ ಬಂದು ಒತ್ತುವುದು. ಮೂರನೇ ದಿನ ಗೋಡೆ ದೊಡ್ಡದಾಗಿ ಲಟಕ್ಕೆಂದಿತು. ಅವಳು ಕೈಬಿಟ್ಟು ದೂರ ಓಡಿದಳು. ಏನೂ ಬೀಳಲಿಲ್ಲ. ವಾಪಸ್ ಬಂದು ನೋಡಿದರೆ ಬಿರುಕಿನ ಎರಡು ತುಟಿಗಳೂ ಒಂದಕ್ಕೊಂದು ತಾಗಿದ್ದವು.

ಆಮೇಲೆ ಡೆಲ್ ಹಾಕಿದ ಬೆಸುಗೆಯನ್ನು ಗ್ರೈಂಡರಿನಿಂದ ಉಜ್ಜಿ ತೆಗೆದಳು. ಅಷ್ಟು ಚೆಂದದ ಕೆಲಸ ಕಿಡಿಯಾಗಿ ಹಾರಿಹೋಗುವಾಗ ಅವಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಅದರ ಅಡಿಯಲ್ಲಿ ಕಬ್ಬಿಣ ಅಂಟಿಕೊಂಡೇ ಇರಲಿಲ್ಲ ಅನ್ನುವುದು ಕಂಡಿತು. ಮೇಲೆ ಮಾತ್ರ ಕೂತಿತ್ತು. ಪೈಪಿನ ಮೇಲೆ ಡೆಲ್ ಹಾಕುವ ಪ್ರತಿ ಬೆಸುಗೆಗೂ ಎಕ್ಸ್‌ರೇ ತೆಗೆಯುತ್ತಾರೆ. ಇಷ್ಟು ವರ್ಷದಲ್ಲಿ ಅವನದು ಫೇಲಾದದ್ದು ಬೆರಳೆಣಿಕೆಯಷ್ಟು. ಇದನ್ನು ಯಾರೂ ನೋಡುವುದಿಲ್ಲ ಅಂತ ಹಾಕಿದ್ದ.

ಬೆಸೆಯುವ ದಿನ ಬ್ಯಾಟರಿಯ ತಂತಿ ಕಳಚಿಟ್ಟು, ಸುತ್ತಲಿನ ಮರಕ್ಕೆಲ್ಲ ಒದ್ದೆ ಕಂಬಳಿ ಹೊದಿಸಿದಳು. ಫೇ ಕುರ್ಚಿ ಹಾಕಿಕೊಂಡು ನೀರಿನ ಪೈಪು ಹಿಡಿದು ಕೂತಳು.

"ಬೆಂಕಿ ಹತ್ತಿದ್ರೆ ಮೊದಲು ನಿನ್ನ ಮೇಲೆ ಬಿಡ್ಲಾ, ಮನೆ ಮೇಲೆ ಬಿಡ್ಲಾ?"

"ಮನೆ ಮೇಲೆ. ನಾನು ಓಡಿಬರ್ತೀನಿ."

ಮೊದಲ ಸಲ ಹಾಕಿದ್ದು ಕಬ್ಬಿಣವನ್ನೇ ತೂತು ಮಾಡಿತು. ಕರೆಂಟು ತಗ್ಗಿಸಿ, ಗುಜರಿಯಲ್ಲಿ ಬಿದ್ದಿದ್ದ ತುಂಡುಗಳ ಮೇಲೆ ಒಂದು ಪೂರ್ತಿ ದಿನ ಕೈ ಪಳಗಿಸಿಕೊಂಡು ಮತ್ತೆ ಶುರುಮಾಡಿದಳು. ಬಿರುಕು ಮುಚ್ಚಿದ ಮೇಲೆ ಅದರ ಎರಡೂ ಮಗ್ಗುಲಿಗೆ ಮುಕ್ಕೋನದ ದಪ್ಪ ತಗಡು ಇಟ್ಟು ಬೆಸೆದಳು. ಬಲಗಡೆಯೂ ಹಾಗೇ. ಒಂದು ಕಿಡಿ ಕಾಲರಿನೊಳಗೆ ಬಿದ್ದು ಕುತ್ತಿಗೆಯ ಕೆಳಗೆ ಸುಟ್ಟಿತು. ಮುಗಿಸಿ ಮುಖವಾಡ ಎತ್ತಿ ನೋಡಿದಾಗ ಬೆಸುಗೆ ಗಂಟುಗಂಟಾಗಿತ್ತು. ಸುತ್ತಿಗೆಯಿಂದ ಬಾರಿಸಿದಳು. ಕಂಚಿನ ಪಾತ್ರೆಯಂತೆ ತುಂಬಿದ ಸದ್ದು ಬಂತು.

ನೆಲಕ್ಕೆ ಹೊಸ ಹಲಗೆ ಹಾಕಿ, ಮಾಡಿನ ಸಂದಿಗೆ ಅಂಟು ತುಂಬಿ, ಕೊನೆಗೆ ಹೊಟ್ಟೆಯ ತಗಡು ಮುಚ್ಚುವ ಸರದಿ ಬಂದಾಗ ಅವಳು ಸ್ಕ್ರೂ ಹಾಕಲಿಲ್ಲ. ಒಂದು ಕಡೆಗೆ ಕೀಲು, ಇನ್ನೊಂದು ಕಡೆಗೆ ಚಿಲಕ ಕೂರಿಸಿದಳು. ಯಾರು ಬೇಕಾದರೂ ಯಾವಾಗ ಬೇಕಾದರೂ ತೆಗೆದು ನೋಡಬಹುದು.

ಈ ನಡುವೆ ಪಾರ್ಕಿನ ಜನ ನಿಂತು ನೋಡಿ ಹೋಗುತ್ತಿದ್ದರು. ಒಬ್ಬಳು ತನ್ನ ಮಾಡು ಸೋರುತ್ತದೆ ಅಂದಳು. ಇನ್ನೊಬ್ಬನ ಮೆಟ್ಟಿಲು ಕಳಚಿತ್ತು. ಲೊರೀನ್ ಎರಡನ್ನೂ ಸರಿಮಾಡಿಕೊಟ್ಟಳು. ಆಮೇಲೆ ಅವಳಿಗೆ ಪುರುಸೊತ್ತೇ ಇಲ್ಲದಂತಾಯಿತು.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ ಡೆಲ್ ಬಂದ. ಲೂಯಿಸಿಯಾನದಿಂದ ಒಂದು ಡಬ್ಬಿ ಸಿಗಡಿ ತಂದಿದ್ದ. ಅದನ್ನು ಅವಳ ಕೈಗಿಟ್ಟು ನೇರ ಮೂತಿಯ ಅಡಿಗೆ ಹೋದ. ಚಿಲಕ ತೆಗೆದ ಸದ್ದಾಯಿತು. ಹೊರಗೆ ಅವನ ಬೂಟುಗಳು ಮಾತ್ರ ಕಾಣುತ್ತಿದ್ದವು.

"ಕೋಳಿ ಹಿಕ್ಕೆ ಹಾಕಿದ ಹಾಗಿದೆ," ಅಂದ ಒಳಗಿಂದ.

ಲೊರೀನ್ ಸಿಗಡಿಯ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟಳು.

"ಆದ್ರೆ ಇದು ಬಿಡಲ್ಲ. ಕಬ್ಬಿಣದೊಳಕ್ಕೆ ಚೆನ್ನಾಗಿ ಇಳಿದಿದೆ." ಬೂಟುಗಳು ಅಲ್ಲಾಡಲಿಲ್ಲ. "ಲೊರೀನ್, ಹಳೇದು ನಾನೇ ಹಾಕಿದ್ದೆ. ಮಾರ್ಚಲ್ಲಿ."

"ಗೊತ್ತು."

"ಯಾವಾಗಿಂದ?"

"ತಗಡು ಬಿಚ್ಚಿದ ದಿನದಿಂದ."

"ಕೇಳಬಹುದಿತ್ತಲ್ಲ."

"ಕೇಳಿದ್ದೆ. ಫ್ಯಾಕ್ಟರೀಲಿ ಯಾರೋ ಅಂದೆ."

ಡೆಲ್ ಹೊರಗೆ ಬಂದು ಮಣ್ಣಿನ ಮೇಲೆಯೇ ಕೂತ. ಅವನ ಮುಖ ಬಿಸಿಲಿಗೆ ಸುಲಿದುಹೋಗಿತ್ತು. "ವಯೋಮಿಂಗ್ ಕೆಲಸ ಶುರುವಾಗೋದಿತ್ತು. ಬಿಚ್ಚಿದ್ರೆ ತಿಂಗಳುಗಟ್ಟಲೆ ಆಗೋದು. ನೀನು ಹೆದರ್ತೀಯ ಅಂತ ಹೇಳಲಿಲ್ಲ. ದಾರಿ ಪೂರ್ತಿ ಹಿಂದೇನೇ ಬಂದೆ, ನೋಡಿಕೊಂಡು."

"ಹಿಂದೆ ಬಂದು ಏನ್ಮಾಡ್ತಿದ್ದೆ? ಅದು ಕಳಚಿ ಬಿದ್ದಿದ್ರೆ ನೋಡ್ತಿದ್ದೆ, ಅಷ್ಟೇ ತಾನೇ? ನಾನು ಹೆದರಬೇಕಿತ್ತು, ಡೆಲ್. ಸ್ಟೇರಿಂಗ್ ಹಿಡಿದಿದ್ದೋಳು ನಾನು."

ಡೆಲ್ ಅದೂ ಇದೂ ಹೇಳಿ ಮುಚ್ಚಿಹಾಕಲು ಹೋಗಲಿಲ್ಲ. ಲೊರೀನ್‌ಗೆ ಅಷ್ಟು ಸಾಕಾಯಿತು ಅಂತಲ್ಲ, ಆದರೆ ಅಷ್ಟಾದರೂ ಬಂತು ಅನ್ನಿಸಿತು.

ಹಬ್ಬದ ಊಟಕ್ಕೆ ಫೇ ಇಬ್ಬರನ್ನೂ ಕರೆದಿದ್ದಳು. ಟರ್ಕಿ ಕೋಳಿ ಒಣಗಿ ಹೋಗಿತ್ತು, ಡೆಲ್ ಮಾಡಿದ ಸಿಗಡಿ ಚೆನ್ನಾಗಿತ್ತು. ಫೇ ಅವನ ತಟ್ಟೆಗೆ ಬಡಿಸುತ್ತ, "ನಿನ್ನ ಹೆಂಡತಿಗೆ ಇಲ್ಲಿ ಹದಿನೈದು ಮನೆಗಳ ರಿಪೇರಿ ಕಾದಿದೆ. ನೀನು ಎಲ್ಲಿಗೆ ಬೇಕಾದ್ರೂ ಹೋಗು, ಅವಳನ್ನ ಕರೀಬೇಡ," ಅಂದಳು. ಡೆಲ್ ನಕ್ಕ. ಆಮೇಲೆ ಲೊರೀನ್ ನಗುತ್ತಿಲ್ಲ ಅಂತ ನೋಡಿ ನಿಲ್ಲಿಸಿದ.

"ಮುಂದಿನ ಕೆಲಸ ನೆಬ್ರಾಸ್ಕಾದಲ್ಲಿ," ಅಂದ ಅವನು ವಾಪಸ್ ನಡೆದು ಬರುವಾಗ. "ನೀನು ಬರ್ತೀಯಾ?"

"ಈ ಚಳಿಗಾಲ ಇಲ್ಲೇ ಇರ್ತೀನಿ."

"ಸಿಟ್ಟಾ?"

"ಸಿಟ್ಟು ಇದೆ. ಕೆಲಸಾನೂ ಇದೆ. ಎರಡೂ ನಿಜ."

ಅವನು ನೆಬ್ರಾಸ್ಕಾದಲ್ಲಿ ಯಾರದೋ ಮನೆಯ ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದ. ಭಾನುವಾರ ಫೋನು ಮಾಡುತ್ತಿದ್ದ. ಮೊದಮೊದಲು ಹವೆಯ ಮಾತು, ಆಮೇಲೆ ನಿಧಾನಕ್ಕೆ ಬೇರೆ ಮಾತು. ಒಮ್ಮೆ, ಕೆಲಸದಲ್ಲಿ ತನ್ನದೊಂದು ಬೆಸುಗೆ ಎಕ್ಸ್‌ರೇಯಲ್ಲಿ ಫೇಲಾಯಿತು ಅಂತ ತಾನಾಗಿಯೇ ಹೇಳಿದ. ಹಿಂದೆಲ್ಲ ಅಂಥದ್ದು ಅವಳಿಗೆ ಬೇರೆ ವೆಲ್ಡರುಗಳ ಹೆಂಡತಿಯರ ಬಾಯಿಂದ ತಿಳಿಯುತ್ತಿತ್ತು. ಅವಳು ಚಳಿಗಾಲವಿಡೀ ಜನರ ಮಾಡು, ನೆಲ, ನೀರಿನ ಕೊಳವೆ ಅಂತ ಓಡಾಡಿದಳು. ಫೇ ಅವಳಿಗೆ ಶೆಡ್ಡಿನ ಒಂದು ಬೀಗದ ಕೈಯನ್ನೇ ಕೊಟ್ಟುಬಿಟ್ಟಳು.

ಏಪ್ರಿಲಿನಲ್ಲಿ ಲೊರೀನ್ ನೆಬ್ರಾಸ್ಕಾಕ್ಕೆ ಹೊರಟಳು. ಡೆಲ್ ತಾನೇ ಬಂದು ಎಳೆದುಕೊಂಡು ಹೋಗುತ್ತೇನೆ ಅಂದಿದ್ದ. ಬೇಡ ಅಂದಳು. ಟ್ರಕ್ ಹಿಂದಕ್ಕೆ ತಂದು, ಗೂಟ ಕಚ್ಚಿಕೊಂಡಿತೇ ಅಂತ ಎರಡು ಸಲ ಜಗ್ಗಿ ನೋಡಿ, ಫೇಗೆ ಕೈಬೀಸಿ ಹೆದ್ದಾರಿ ಹತ್ತಿದಳು. ಓಕ್ಲಹೋಮದಲ್ಲಿ ಎದುರುಗಾಳಿ ಬೀಸಿತು. ಪೆಟ್ರೋಲ್ ಬಂಕುಗಳಲ್ಲಿ ನಿಂತಾಗಲೆಲ್ಲ ಅಡಿಗೆ ಬಗ್ಗಿ ಟಾರ್ಚು ಬಿಟ್ಟಳು. ಕೂದಲೆಳೆಯ ಗೆರೆಯೂ ಎದ್ದಿರಲಿಲ್ಲ.

ನೆಬ್ರಾಸ್ಕಾದ ಪಾರ್ಕಿನಲ್ಲಿ ಡೆಲ್ ಅವಳಿಗಾಗಿ ಜಾಗ ಹಿಡಿದು, ನೆಲ ಮಟ್ಟ ಮಾಡಿ, ನೀರು ಕರೆಂಟು ನೋಡಿಟ್ಟಿದ್ದ. ಅವಳು ಎಂಜಿನ್ ಆರಿಸಿ ಇಳಿಯುವವರೆಗೆ ಕಾದು ನಿಂತಿದ್ದ.

"ಹೇಗಿತ್ತು ದಾರಿ?"

"ಗಾಳಿ. ಕ್ಯಾನ್ಸಸ್‌ನಲ್ಲಿ ಒಂದು ಟೈರು ಸವೆದದ್ದು ಕಾಣ್ತು, ಬದಲಾಯಿಸಬೇಕು. ಮಿಕ್ಕಿದ್ದು ಸರಿ ಇದೆ."

"ಯಾವ ಟೈರು?"

"ಮನೇದು. ಹಿಂದಿನ ಎಡಗಡೇದು."

ಅವನು ಹೋಗಿ ಮಂಡಿಯೂರಿ ಟೈರಿನ ಮೇಲೆ ಕೈಯಾಡಿಸಿದ. ನಿಜವಾಗಿಯೂ ಸವೆದಿದೆ, ಇನ್ನು ಓಡಿಸಬಾರದು ಅಂತ ಹೇಳಿದ. ಬಿಸಿಲು ಇನ್ನೂ ಇತ್ತು. ಅವಳು ಜಾಕ್ ತೆಗೆದುಕೊಟ್ಟಳು.