ಅಪ್ಪನ ಅಂಗಿಯ ವಾಸನೆ

ಬೇಕರಿಯ ಯಜಮಾನ ಬೀದಿಗೆಲ್ಲ ಬನ್ನಣ್ಣ. ಜ್ವರವೊಂದು ಬಂದು ಹೋಗುವಾಗ ಅವನ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ಇನ್ನು ವಾಸನೆ ತಿಳಿಯುವುದಿಲ್ಲವೆಂದು ಡಾಕ್ಟರೂ ಕೈಚೆಲ್ಲಿದರು.

"ಪುಣ್ಯವಂತ ಕಣಯ್ಯಾ! ಈ ಚರಂಡಿ ನಾತ ಇನ್ನು ನಮಗೆ ಮಾತ್ರ" ಎಂದ ಪಕ್ಕದಂಗಡಿಯ ದರ್ಜಿ. ಹೆಂಡತಿ ಭಟ್ಟಿಯ ಪಕ್ಕ ಅಲಾರಾಂ ಗಡಿಯಾರ ತಂದಿಟ್ಟಳು. ಅದು ಬಡಿದುಕೊಂಡಾಗ ಬ್ರೆಡ್ಡು ತೆಗೆದರಾಯಿತು. ಬ್ರೆಡ್ಡೂ ಚೆನ್ನಾಗಿಯೇ ಬರುತ್ತಿತ್ತು, ಗಿರಾಕಿಗಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

"ಮತ್ಯಾಕ್ರೀ ಮುಖ ಊದಿಸ್ಕೊಂಡಿರ್ತೀರಾ? ಯಾರಾದ್ರೂ ಸತ್ರಾ?" ಎಂದಳು ಹೆಂಡತಿ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಒಳ್ಳೆಯ ಮನಸ್ಸಿನವರ ಮಾತೇ ಹೆಚ್ಚು ಚುಚ್ಚುವುದು, ಏನು ಮಾಡೋಣ!

ಅವಳಿಗೆ ಹೇಗೆ ಹೇಳುವುದು? ಅಪ್ಪ ಗಡಿಯಾರ ನೋಡಿ ಬ್ರೆಡ್ಡು ತೆಗೆದವನೇ ಅಲ್ಲ. "ಕಣ್ಣು ಮುಚ್ಚೋ, ಮೂಗು ಹೇಳುತ್ತೆ" ಅನ್ನುತ್ತಿದ್ದ. ಅವನು ಹೋಗಿ ಎಷ್ಟೋ ವರ್ಷವಾಗಿತ್ತು. ಆದರೂ ಬೆಳಿಗ್ಗೆ ಭಟ್ಟಿಯ ಬಾಗಿಲು ತೆಗೆದರೆ ಸಾಕು, ಆ ವಾಸನೆಗೆ ಅಪ್ಪ ಪಕ್ಕದಲ್ಲೇ ನಿಂತ ಹಾಗಿರುತ್ತಿತ್ತು. ಈಗ ಬಾಗಿಲು ತೆಗೆದರೆ ಬರೀ ಬಿಸಿಗಾಳಿ.

ಸುದ್ದಿ ತಿಳಿದು ಅಕ್ಕ ಬಂದಳು. ಇದೇ ಹಿಟ್ಟಿನ ಮೂಟೆಗಳ ಮೇಲೆ ಅವನ ಜೊತೆ ಕುಣಿದು ಬೆಳೆದವಳು. ಸಮಾಧಾನ ಗೀಮಾಧಾನ ಹೇಳಲಿಲ್ಲ, ಸ್ಟೂಲು ಎಳೆದುಕೊಂಡು ಭಟ್ಟಿಯ ಮುಂದೆ ಕೂತಳು. ಅವನು ಬಾಗಿಲು ತೆಗೆದ.

"ಹೇಗಿದೆ ಅಕ್ಕಾ?"

ಅವಳು ಕಣ್ಣು ಮುಚ್ಚಿ ಉಸಿರೆಳೆದಳು. "ಥೇಟ್ ಅಪ್ಪನ ಅಂಗಿ ಕಣೋ. ಹಾಲು, ಸಕ್ಕರೆ..."

"ಸಕ್ಕರೆ ಎಲ್ಲಿಂದ ಬಂತು?" ಬನ್ನಣ್ಣ ರೇಗಿದ. "ಅಪ್ಪನ ಅಂಗೀಲಿ ಹುಳಿ ಬಂದ ಹಿಟ್ಟಿನ ವಾಸನೆ. ಜೇಬಲ್ಲಿ ಬೀಡಿ. ನನ್ನ ಎತ್ಕೊಂಡಾಗ ಕತ್ತಿನ ಹತ್ರ ಸೌದೆ ಹೊಗೆ..." ಅವನು ಭಟ್ಟಿಯ ಬಾಗಿಲು ದೂಡಿ ಮುಚ್ಚಿದ. "ಎಲ್ಲಾ ಬಾಯಲ್ಲಿ ಹೇಳಬಲ್ಲೆ ಅಕ್ಕಾ. ವಾಸನೆ ಮಾತ್ರ ಬರಲ್ಲ. ಹೋಯ್ತು."

"ಹೌದು ಕಣೋ, ಹೋಯ್ತು" ಎಂದಳು ಅಕ್ಕ.

ಇಷ್ಟು ದಿನ ಅದೊಂದು ನಷ್ಟವೆಂದು ಯಾರೂ ಒಪ್ಪಿರಲಿಲ್ಲ. ಬನ್ನಣ್ಣ ಅಲ್ಲೇ ನೆಲದ ಮೇಲೆ ಕೂತು, ಹಿಟ್ಟು ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಹೆಂಡತಿ ಒಳಗಿಂದ ಓಡಿಬಂದಳು. "ಅಯ್ಯೋ, ಅಳಬೇಡ್ರೀ..."

"ಅಳಲಿ ಬಿಡಮ್ಮಾ, ಕಳ್ಕೊಂಡಿದ್ದಾನೆ" ಎಂದಳು ಅಕ್ಕ.

ಹೆಂಡತಿ ಅವನ ಪಕ್ಕದಲ್ಲಿ ನೆಲದ ಮೇಲೇ ಕೂತು, ಮೆಲ್ಲಗೆ ಕೇಳಿದಳು:

"ಮಾವನ ಅಂಗೀಲಿ ಇನ್ನೇನೇನು ಇತ್ತು? ನಂಗೂ ಹೇಳ್ರೀ."